ಹೊಳೆಯುವ ಬೋಲ್ಟಿನೊಳಗಿನ ಬಿರುಕು: ಕಡಲ ಬಂಡೆಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಯಾಕೆ ಕೈಕೊಡುತ್ತದೆ?

ಥಾಯ್ಲೆಂಡಿನ ಕ್ರಾಬಿ ಪಟ್ಟಣದ ಹತ್ತಿರ ರೈಲೇ ಅಂತ ಒಂದು ಜಾಗವಿದೆ. ಎದುರಿಗೆ ಕಡಲು, ಬೆನ್ನಿಗೆ ನೆಟ್ಟಗೆ ನಿಂತ ಸುಣ್ಣದಕಲ್ಲಿನ ಗೋಡೆಗಳು. ರಸ್ತೆ ಇಲ್ಲ, ದೋಣಿಯಲ್ಲೇ ಹೋಗಬೇಕು. 1980ರ ದಶಕದ ಕೊನೆಯಿಂದ ಬಂಡೆ ಹತ್ತುವವರು ಪ್ರಪಂಚದ ಎಲ್ಲ ಕಡೆಯಿಂದ ಇಲ್ಲಿಗೆ ಬರತೊಡಗಿದರು. ಗೋಡೆಗಳಿಗೆ ಡ್ರಿಲ್ ಮಾಡಿ ಬೋಲ್ಟ್ ಕೂರಿಸಿದರು. ಸಾಮಾನ್ಯ ಕಬ್ಬಿಣ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತೆ ಅನ್ನೋದು ಯಾರಿಗೆ ಗೊತ್ತಿಲ್ಲ? ಹಾಗಾಗಿ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲನ್ನೇ ಹಾಕಿದರು.

ಕೆಲವೇ ವರ್ಷಗಳಲ್ಲಿ ಆ ಬೋಲ್ಟ್‌ಗಳು ಮುರಿಯತೊಡಗಿದವು. ದೊಡ್ಡ ಹೊಡೆತಕ್ಕಲ್ಲ. ಕೆಲವು ಹಗ್ಗಕ್ಕೆ ಜೋತುಬಿದ್ದವರ ಮೈಭಾರಕ್ಕೇ ತುಂಡಾದವು. ಕೆಲವು ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಇದ್ದವು.

ಇದೇ ಕಥೆ ಕೆರೀಬಿಯನ್ನಿನ ಕೇಮನ್ ಬ್ರ್ಯಾಕ್ ದ್ವೀಪದಲ್ಲೂ ಆಯಿತು, ಇಟಲಿಯ ಸಾರ್ಡೀನಿಯಾದಲ್ಲೂ ಆಯಿತು, ತೈವಾನಿನ ಲಾಂಗ್ ಡಾಂಗ್‌ನಲ್ಲೂ ಆಯಿತು. ಈ ಎಲ್ಲ ಕಡೆ ಹಾಕಿದ್ದು ಅಗ್ಗದ ಮಾಲಲ್ಲ. ಸರಿಯಾದ ಉಕ್ಕನ್ನೇ ಹಾಕಿದ್ದರು, ಆದರೆ ಅದಕ್ಕೆ ಒಗ್ಗದ ಜಾಗದಲ್ಲಿ. ಆ ಉಕ್ಕಿಗೂ ಆ ಜಾಗಕ್ಕೂ ಯಾಕೆ ಆಗಿಬರೋದಿಲ್ಲ ಅನ್ನೋದೇ ಈ ಲೇಖನ.

ಬೋಲ್ಟ್ ಅಂದರೆ ಏನು, ಅದರ ಮೇಲೆ ಎಷ್ಟು ಭಾರ

ಹತ್ತುವ ಅಭ್ಯಾಸ ಇಲ್ಲದವರಿಗೆ ಎರಡು ಮಾತು. ಬಂಡೆಯಲ್ಲಿ ಹೆಬ್ಬೆರಳಿಗಿಂತ ಸಣ್ಣ ತೂತು ಕೊರೆದು, ಅದರೊಳಗೆ 10 ಅಥವಾ 12 ಮಿಲಿಮೀಟರ್ ದಪ್ಪದ ಬೋಲ್ಟ್ ಬಡಿಯುತ್ತಾರೆ. ನಟ್ ತಿರುಗಿಸಿದಷ್ಟೂ ಬೋಲ್ಟಿನ ಒಳತುದಿಯಲ್ಲಿರುವ ಬಳೆ ಅಗಲವಾಗಿ ಕಲ್ಲನ್ನು ಕಚ್ಚಿಕೊಳ್ಳುತ್ತದೆ. ಹೊರಗೆ, ನಟ್ ಕೆಳಗೆ ಒಂದು ಬಗ್ಗಿಸಿದ ದಪ್ಪ ತಗಡು ಇರುತ್ತದೆ. ಅದಕ್ಕೆ ಹ್ಯಾಂಗರ್ ಅಂತಾರೆ. ಹತ್ತುವವರು ಹ್ಯಾಂಗರ್‌ಗೆ ಕೊಂಡಿ ಸಿಕ್ಕಿಸಿ, ಕೊಂಡಿಯೊಳಗೆ ಹಗ್ಗ ಹಾಯಿಸಿಕೊಂಡು ಮೇಲೆ ಹೋಗುತ್ತಾರೆ. ಕೈಜಾರಿದರೆ ಹಿಡಿಯುವುದು ಇದೇ. ಇನ್ನೊಂದು ಬಗೆಯೂ ಇದೆ: ಸರಳನ್ನು ಕಿವಿಯ ಹಾಗೆ ಬಗ್ಗಿಸಿ, ಅದರ ಕಾಲನ್ನು ತೂತಿನೊಳಗೆ ಎಪಾಕ್ಸಿ ಅಂಟು ಹಾಕಿ ಕೂರಿಸುವುದು. ಅಲ್ಲಿ ನಟ್ಟೂ ಇಲ್ಲ, ಹ್ಯಾಂಗರೂ ಇಲ್ಲ.

ಯುರೋಪಿನ ಮಾನದಂಡದ ಪ್ರಕಾರ ಹೊಸ ಬೋಲ್ಟು ಗೋಡೆಗುಂಟ ಕೆಳಕ್ಕೆ ಎಳೆದಾಗ 25 ಕಿಲೋನ್ಯೂಟನ್ ತಾಳಬೇಕು, ಅಂದರೆ ಸುಮಾರು ಎರಡೂವರೆ ಟನ್ ಭಾರ. ಗೋಡೆಯಿಂದ ಹೊರಕ್ಕೆ ನೇರವಾಗಿ ಎಳೆದಾಗ 15. ಮನುಷ್ಯ ಸುಮ್ನೆ ಜೋತುಬಿದ್ದರೆ ಒಂದು ಕಿಲೋನ್ಯೂಟನ್ನೂ ದಾಟುವುದಿಲ್ಲ. ಇಷ್ಟು ದೊಡ್ಡ ಅಂತರ ಇಟ್ಟುಕೊಂಡೂ ಮೈಭಾರಕ್ಕೆ ಮುರಿದಿದೆ ಅಂದರೆ, ಲೋಹದ ಬಹುಪಾಲು ಮುಂಚೆಯೇ ಸೀಳಿಹೋಗಿತ್ತು ಅಂತ ಅರ್ಥ. ಉಳಿದಿದ್ದು ತೆಳ್ಳಗಿನ ಒಂದು ಪಟ್ಟಿ ಮಾತ್ರ.

ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದ್ದು ಯಾಕೆ ಅಂತ ಮೊದಲು

ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಜಾಸ್ತಿ ಇರುವುದು ಕಬ್ಬಿಣವೇ. ಅದರಲ್ಲಿ ಕನಿಷ್ಠ ಶೇ. 10.5 ಕ್ರೋಮಿಯಂ ಇದ್ದರೆ ಗಾಳಿಯ ಆಮ್ಲಜನಕ ಸೇರಿ ಮೇಲ್ಮೈಯಲ್ಲಿ ಕ್ರೋಮಿಯಂ ಆಕ್ಸೈಡಿನ ಪೊರೆ ಕಟ್ಟುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪ, ಕಣ್ಣಿಗೆ ಕಾಣುವುದಿಲ್ಲ. ಗೀರಿದರೆ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಒಳಗಿನ ಕಬ್ಬಿಣವನ್ನು ಕಾಯುವುದು ಇದೊಂದೇ. ಬೇರೆ ಬಣ್ಣ, ಲೇಪ ಏನೂ ಇಲ್ಲ.

ಪಾತ್ರೆ ಅಂಗಡಿಯಲ್ಲಿ ಒಳ್ಳೆಯ ತಟ್ಟೆಯ ತಳದಲ್ಲಿ 18/8 ಅಂತ ಒತ್ತಿರುತ್ತಾರೆ, ನೋಡಿರಬಹುದು. ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಅಂತ ಅದರ ಲೆಕ್ಕ. ಉಕ್ಕಿನ ವ್ಯಾಪಾರದಲ್ಲಿ ಇದನ್ನೇ 304 ಅಂತಾರೆ. ಬೋಲ್ಟಿನ ತಲೆಯ ಮೇಲೆ ಎ2 ಅಂತ ಒತ್ತಿದ್ದರೆ ಅದೂ ಈ ಜಾತಿಯದ್ದೇ. ಇನ್ನೊಂದು 316. ಅದರಲ್ಲಿ ನಿಕ್ಕಲ್ ಸ್ವಲ್ಪ ಜಾಸ್ತಿ, ಜೊತೆಗೆ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ. ಬೋಲ್ಟಿನ ಮೇಲೆ ಎ4 ಅಂತ ಇರುತ್ತದೆ. ಇದನ್ನು ಮಾರುವವರು ‘ಮರೀನ್ ಗ್ರೇಡ್’ ಅಂತ ಹೇಳಿ ಮಾರುತ್ತಾರೆ. ದೋಣಿಯ ಕಂಬಿ, ಕಡಲತೀರದ ಮನೆಯ ರೇಲಿಂಗಿಗೆ ಆ ಹೆಸರು ತಪ್ಪಲ್ಲ. ಹತ್ತುವ ಬೋಲ್ಟಿಗೆ ಮಾತ್ರ ಆ ಹೆಸರು ನಂಬಿ ಹಣ ಕೊಟ್ಟವರು ತುಂಬಾ ಜನ.

ಕಡಲಿನ ಉಪ್ಪಿನಲ್ಲಿರುವ ಕ್ಲೋರೈಡ್ ಈ ಪೊರೆಯ ವೈರಿ. ಪೊರೆ ಎಲ್ಲೆಲ್ಲಿ ದುರ್ಬಲವಾಗಿದೆಯೋ ಅಲ್ಲಲ್ಲಿ ಚುಚ್ಚುತ್ತದೆ. ಮಂಗಳೂರು, ಮಲ್ಪೆ ಕಡೆ ಸ್ಟೀಲ್ ರೇಲಿಂಗಿನ ಮೇಲೆ ಚಹಾ ಚೆಲ್ಲಿದ ಹಾಗೆ ಕಂದು ಕಲೆ ಕಾಣುತ್ತಲ್ವಾ, ಅದು ಇದರ ಸೌಮ್ಯ ರೂಪ. ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ. ಒರೆಸಿದರೆ ಹೋಗುತ್ತದೆ, ಲೋಹದ ಬಲವೇನೂ ಕುಂದುವುದಿಲ್ಲ. ಇನ್ನೂ ಸ್ವಲ್ಪ ಮುಂದೆ ಹೋದರೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ನಟ್ ಕೆಳಗೆ, ಹ್ಯಾಂಗರ್ ಮತ್ತು ಕಲ್ಲಿನ ನಡುವೆ, ಗಾಳಿ ಆಡದ ಸಂದಿಯಲ್ಲಿ ಈ ಗುಳಿಗಳು ಬೇಗ ಏಳುತ್ತವೆ. ಪೊರೆ ಮತ್ತೆ ಕಟ್ಟಿಕೊಳ್ಳಲು ಬೇಕಾದ ಆಮ್ಲಜನಕ ಅಲ್ಲಿ ಕಮ್ಮಿ ಅಲ್ವಾ.

ಗುಳಿಯೂ ಅಂಥ ಭಯದ ವಿಷಯ ಅಲ್ಲ. ಭಯದ ವಿಷಯ ಬಿರುಕು.

ಮೂರು ಸೇರಿದಾಗ ಹುಟ್ಟುವ ಬಿರುಕು

ಲೋಹಶಾಸ್ತ್ರದವರು ಇದನ್ನು ‘ಸ್ಟ್ರೆಸ್ ಕೊರೋಷನ್ ಕ್ರ್ಯಾಕಿಂಗ್’ ಅನ್ನುತ್ತಾರೆ. ನಾವು ಎಳೆತದ ಬಿರುಕು ಅನ್ನೋಣ. ಇದಕ್ಕೆ ಮೂರು ಬೇಕು: ಈ ಕಾಯಿಲೆಗೆ ತುತ್ತಾಗುವ ಲೋಹ, ಅದರೊಳಗೆ ನಿರಂತರ ಎಳೆತ, ಸುತ್ತ ಕ್ಲೋರೈಡ್. ಮೂರರಲ್ಲಿ ಒಂದನ್ನು ತೆಗೆದರೂ ಬಿರುಕಿಲ್ಲ. ಕಡಲ ಬಂಡೆಯ ಬೋಲ್ಟಿನಲ್ಲಿ ಮೂರೂ ಒಟ್ಟಿಗೇ ಇರುತ್ತವೆ.

ಮೊದಲು ಲೋಹ. 304, 316 ಎರಡೂ ಆಸ್ಟೆನೈಟ್ ರಚನೆಯವು, ಅಂದರೆ ಒಳಗೆ ಪರಮಾಣುಗಳು ಜೋಡಿಕೊಂಡಿರುವ ಒಂದು ಬಗೆ. ನಿಕ್ಕಲ್ ಸೇರಿಸಿದ್ದರಿಂದ ಬಂದ ಗುಣ ಅದು. ಹೀಗಾಗಿಯೇ ಅವನ್ನು ಮುರಿಯದೆ ಬಗ್ಗಿಸಬಹುದು, ಒತ್ತಬಹುದು, ಪಾತ್ರೆ ಮಾಡಬಹುದು. ಆದರೆ ಎಳೆತದ ಬಿರುಕಿನ ವಿಷಯದಲ್ಲಿ ನಿಕ್ಕಲ್‌ದು ವಿಚಿತ್ರ ನಡೆ. ತೀರಾ ಕಮ್ಮಿ ನಿಕ್ಕಲ್ ಇದ್ದರೆ ಬಿರುಕು ಸುಲಭವಾಗಿ ಬರುವುದಿಲ್ಲ. ತುಂಬಾ ಜಾಸ್ತಿ ಇದ್ದರೂ ಬರುವುದಿಲ್ಲ. ಶೇ. 8ರಿಂದ 10ರ ಆಸುಪಾಸಿನಲ್ಲಿ ಇದ್ದರೆ ಅತಿ ಬೇಗ ಬರುತ್ತದೆ. ಇದನ್ನು ಗೆರೆ ಎಳೆದು ತೋರಿಸಿದರೆ ನಡುವೆ ಗುಂಡಿ ಬಿದ್ದ ಹಾಗೆ ಕಾಣುತ್ತದೆ. 304 ಸರಿಯಾಗಿ ಆ ಗುಂಡಿಯ ತಳದಲ್ಲೇ ಕೂತಿದೆ. 316 ಗುಂಡಿಯ ಅಂಚಿನಲ್ಲಿ. ಪ್ರಪಂಚದಲ್ಲಿ ಅತಿ ಹೆಚ್ಚು ಬಳಕೆಯಾಗುವ ಸ್ಟೇನ್‌ಲೆಸ್ ಸ್ಟೀಲು ಈ ಕಾಯಿಲೆಗೆ ಅತಿ ಬೇಗ ತುತ್ತಾಗುವ ಅಳತೆಯಲ್ಲೇ ಇರುವುದು ನಮ್ಮ ಗ್ರಹಚಾರ.

ಆಮೇಲೆ ಎಳೆತ. ಇಲ್ಲಿ ಎಲ್ಲರೂ ಎಡವುತ್ತಾರೆ. ಯಾರೂ ಹತ್ತದೇ ಇದ್ದಾಗ ಬೋಲ್ಟಿನ ಮೇಲೆ ಭಾರ ಇಲ್ಲ ಅಂದುಕೊಳ್ಳುತ್ತಾರೆ. ಹಗ್ಗದ ಭಾರ ಇಲ್ಲ, ನಿಜ. ಆದರೆ ನಟ್ ಬಿಗಿ ಮಾಡಿದ ಕ್ಷಣದಿಂದ ಬೋಲ್ಟಿನ ಸರಳು ಹಗಲೂ ರಾತ್ರಿ ಎಳೆತದಲ್ಲೇ ಇರುತ್ತದೆ. ಹಾಗೆ ಎಳೆದುಕೊಂಡಿದ್ದರೆ ತಾನೇ ಅದು ಕಲ್ಲನ್ನು ಕಚ್ಚಿ ಹಿಡಿಯುವುದು! ಹ್ಯಾಂಗರ್‌ನ ಕತೆ ಬೇರೆ. ತಣ್ಣಗಿರುವಾಗಲೇ ತಗಡನ್ನು ಅಚ್ಚಿನಲ್ಲಿ ಒತ್ತಿ ಬಗ್ಗಿಸುತ್ತಾರೆ. ಬಗ್ಗಿಸಿ ಬಿಟ್ಟಾಗ ಲೋಹ ವಾಪಸ್ ಹೋಗಲು ನೋಡುತ್ತದೆ, ಪೂರ್ತಿ ಹೋಗಲಾಗುವುದಿಲ್ಲ. ಹೀಗಾಗಿ ಬಾಗಿನ ಒಂದು ಮಗ್ಗುಲಲ್ಲಿ ಎಳೆತ, ಇನ್ನೊಂದರಲ್ಲಿ ಒತ್ತಡ ಶಾಶ್ವತವಾಗಿ ಉಳಿಯುತ್ತದೆ. ಅಂಟು ಹಾಕಿ ಕೂರಿಸುವ ಸರಳಿನಲ್ಲಿ ನಟ್ ಇಲ್ಲ, ಆದರೆ ಅದನ್ನೂ ಬಗ್ಗಿಸಿದ್ದಾರೆ, ಕೆಲವನ್ನು ಬೆಸುಗೆ ಹಾಕಿದ್ದಾರೆ. ಬೆಸುಗೆಯ ಜಾಗ ತಣ್ಣಗಾಗುವಾಗ ಕುಗ್ಗುತ್ತದೆ, ಅಲ್ಲೂ ಎಳೆತ. ಅಂಗಡಿಯ ಡಬ್ಬಿಯಿಂದ ಹೊರಗೆ ಬರುವಾಗಲೇ ಬೋಲ್ಟು ತನ್ನೊಳಗೆ ಈ ಎಳೆತವನ್ನು ಹೊತ್ತುಕೊಂಡೇ ಬರುತ್ತದೆ.

ಈಗ ಬಿರುಕು ನಡೆಯುವ ರೀತಿ. ಬಾಗಿನಲ್ಲಿ ಎಲ್ಲೋ ಒಂದು ಗುಳಿ ಬಿತ್ತು ಅನ್ನಿ. ಗುಳಿಯೊಳಗೆ ಕರಗಿದ ಕ್ರೋಮಿಯಂ ನೀರಿನ ಜೊತೆ ಸೇರಿ ಆಮ್ಲ ಮಾಡುತ್ತದೆ. ವಿದ್ಯುತ್ ಲೆಕ್ಕ ಸರಿದೂಗಿಸಲು ಹೊರಗಿನ ಕ್ಲೋರೈಡ್ ಒಳಗೆ ನುಗ್ಗುತ್ತದೆ. ಗುಳಿಯ ತಳದಲ್ಲಿ ಹೊರಗಿನ ನೀರಿಗೆ ಸಂಬಂಧವೇ ಇಲ್ಲದ ಹುಳಿಯುಪ್ಪಿನ ರಸ ತಯಾರಾಗುತ್ತದೆ. ಎಳೆತ ಆ ತಳವನ್ನು ಇಷ್ಟಿಷ್ಟೇ ಹಿಗ್ಗಿಸುತ್ತದೆ. ಪೊರೆ ಒಡೆಯುತ್ತದೆ, ಬರಿಮೈ ಲೋಹ ಕರಗುತ್ತದೆ, ಬಿರುಕಿನ ತುದಿ ಕೂದಲೆಳೆಯಷ್ಟು ಮುಂದೆ ಹೋಗುತ್ತದೆ. ಮತ್ತೆ ಹಿಗ್ಗು, ಮತ್ತೆ ಒಡಕು. ಬಿರುಕಿನ ಎರಡು ಗೋಡೆಗಳ ಮೇಲೆ ಪೊರೆ ಹಾಗೇ ಇರುತ್ತದೆ, ಹಾಗಾಗಿ ಅವು ಕರಗುವುದಿಲ್ಲ. ಕರಗುವುದು ತುದಿ ಮಾತ್ರ. ಮುರಿದ ಬೋಲ್ಟನ್ನು ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಎಲೆ ಉದುರಿದ ಮರದ ಕೊಂಬೆಗಳ ಹಾಗೆ ಕವಲೊಡೆದ ಬಿರುಕುಗಳು ಕಾಣುತ್ತವೆ. ಲೋಹದ ಕಣಗಳ ಅಂಚು ಹಿಡಿದು ಹೋಗುವುದಿಲ್ಲ, ಕಣಗಳನ್ನೇ ಸೀಳಿಕೊಂಡು ಹೋಗುತ್ತವೆ.

ಒಟ್ಟು ಲೋಹದಲ್ಲಿ ಕರಗಿದ್ದು ಎಷ್ಟು? ಲೆಕ್ಕಕ್ಕೇ ಬಾರದಷ್ಟು. ತೂಕ ಕಮ್ಮಿಯಾಗುವುದಿಲ್ಲ, ದಪ್ಪ ಕಮ್ಮಿಯಾಗುವುದಿಲ್ಲ, ಹೊಳಪೂ ಹೋಗಬೇಕಿಲ್ಲ. ಸಾಮಾನ್ಯ ಕಬ್ಬಿಣದ ಬೋಲ್ಟಾಗಿದ್ದರೆ ಕೆಂಪಗೆ ಉಬ್ಬಿ, ಚಕ್ಕೆ ಎದ್ದು, ನೋಡಿದವರನ್ನು ಹೆದರಿಸಿ ಓಡಿಸುತ್ತಿತ್ತು. ಈ ಒಂದು ವಿಷಯದಲ್ಲಿ ಕಬ್ಬಿಣವೇ ಪ್ರಾಮಾಣಿಕ ಅಂತ ನನಗನ್ನಿಸುತ್ತೆ.

ಮಳೆಗಾಲದ ಕಲ್ಲುಪ್ಪು

ಇಲ್ಲೊಂದು ಪ್ರಶ್ನೆ ಬರಬೇಕು. ಕಡಲಿನ ಹತ್ತಿರ ಎಷ್ಟೋ ಸ್ಟೇನ್‌ಲೆಸ್ ಸ್ಟೀಲ್ ಇದೆ. ದೋಣಿಗಳಲ್ಲಿ, ಬಂದರುಗಳಲ್ಲಿ ಎಲ್ಲ ಕಡೆ. ಅವೆಲ್ಲ ಪಟಪಟ ಮುರಿಯುತ್ತಿಲ್ಲವಲ್ಲ? ಜೊತೆಗೆ ಹಳೆಯ ಕೈಪಿಡಿಗಳೆಲ್ಲ ಒಂದೇ ಮಾತು ಹೇಳುತ್ತಿದ್ದವು: ಈ ಬಿರುಕು 50–60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಬರುವಂಥದ್ದು, ಬಿಸಿನೀರಿನ ಟ್ಯಾಂಕು, ರಾಸಾಯನಿಕ ಕಾರ್ಖಾನೆಯವರ ತಲೆನೋವು ಅಂತ. ಹಾಗಾಗಿ ಬೋಲ್ಟ್ ಹಾಕಿದವರನ್ನು ಬೈದು ಪ್ರಯೋಜನವಿಲ್ಲ. ಪುಸ್ತಕದಲ್ಲಿ ಇದ್ದಿದ್ದೇ ಹಾಗೆ.

ಉತ್ತರ ಅಡುಗೆಮನೆಯಲ್ಲಿದೆ. ಕರಾವಳಿಯ ಮನೆಗಳಲ್ಲಿ ಮಳೆಗಾಲಕ್ಕೆ ಕಲ್ಲುಪ್ಪಿನ ಭರಣಿ ನೀರೊಡೆಯುತ್ತದೆ. ಯಾರೂ ನೀರು ಹಾಕಿರುವುದಿಲ್ಲ. ಗಾಳಿಯ ತೇವವನ್ನು ಉಪ್ಪೇ ಹೀರಿಕೊಂಡು ಒಸರುತ್ತದೆ. ಶುದ್ಧ ಸೋಡಿಯಂ ಕ್ಲೋರೈಡ್ ಆದರೆ ಗಾಳಿಯ ತೇವಾಂಶ ಸುಮಾರು ಶೇ. 75 ದಾಟುವ ತನಕ ಒಣಗಿಯೇ ಇರುತ್ತದೆ. ಆದರೆ ಕಡಲಿನ ಉಪ್ಪು ಶುದ್ಧ ಅಲ್ಲ. ಅದರಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಇದೆ. ಅದು ಶೇ. 33ರಷ್ಟು ತೇವಾಂಶಕ್ಕೇ ನೀರೊಡೆಯುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಇನ್ನೂ ಸ್ವಲ್ಪ ಮೊದಲೇ. ಕುಮಟಾ ಹತ್ತಿರದ ಸಾಣಿಕಟ್ಟೆಯಂಥ ಉಪ್ಪಿನ ಗದ್ದೆಗಳಲ್ಲಿ ಕೆಲಸ ಮಾಡುವವರಿಗೆ ಇದು ಗೊತ್ತಿರುವ ವಿಷಯವೇ: ನೀರು ಇಂಗುತ್ತಾ ಮೊದಲು ಉಪ್ಪು ಹರಳುಗಟ್ಟುತ್ತದೆ, ಕೊನೆಗೆ ಒಣಗದೆ ಕಹಿ ನೀರು ಉಳಿಯುತ್ತದೆ. ಆ ಕಹಿ ಬಹುಪಾಲು ಮೆಗ್ನೀಸಿಯಂನದ್ದು.

ಬೋಲ್ಟಿನ ಮೇಲೆ ಬಿದ್ದ ಕಡಲ ಹನಿಗೂ ಇದೇ ಆಗುತ್ತದೆ. ಹನಿ ಒಣಗಿತು ಅಂತ ಕಣ್ಣಿಗೆ ಕಾಣುತ್ತದೆ. ಆದರೆ ಹರಳುಗಳ ನಡುವೆ ಮೆಗ್ನೀಸಿಯಂ ತುಂಬಿದ ದಪ್ಪ ರಸದ ತೆಳುಪದರ ಒದ್ದೆಯಾಗಿಯೇ ಉಳಿದಿರುತ್ತದೆ. ಆ ರಸದಲ್ಲಿ ಕ್ಲೋರೈಡಿನ ಸಾಂದ್ರತೆ ಕಡಲ ನೀರಿಗಿಂತ ಹತ್ತಾರು ಪಟ್ಟು ಜಾಸ್ತಿ. ಕಡಲೊಳಗೆ ಮುಳುಗಿದ ಉಕ್ಕು ಇಷ್ಟು ಗಟ್ಟಿ ಉಪ್ಪನ್ನು ಯಾವತ್ತೂ ನೋಡುವುದಿಲ್ಲ. ಮುಳುಗಿದ್ದಕ್ಕಿಂತ ಒಣಗಿದಂತೆ ಕಾಣುವುದೇ ಜಾಸ್ತಿ ಅಪಾಯದಲ್ಲಿದೆ.

ಸ್ವಲ್ಪ ಲೆಕ್ಕ ಹಾಕೋಣ. ಗಾಳಿ 30 ಡಿಗ್ರಿ, ತೇವಾಂಶ ಶೇ. 75. ಥಾಯ್ಲೆಂಡಿನ ಕಡಲತೀರಕ್ಕೆ ತೀರಾ ಮಾಮೂಲಿ ದಿನ. ಬಿಸಿಲು ಬಿದ್ದ ಬಂಡೆ, ಅದಕ್ಕಂಟಿದ ಲೋಹ 45 ಡಿಗ್ರಿಗೆ ಕಾಯುತ್ತದೆ ಅನ್ನಿ. ಗಾಳಿಯಲ್ಲಿರುವ ನೀರಿನ ಆವಿ ಅಷ್ಟೇ ಇದೆ, ಆದರೆ ಬಿಸಿ ಮೇಲ್ಮೈಗೆ ತಾಗಿಕೊಂಡ ಗಾಳಿ ಇನ್ನೂ ಜಾಸ್ತಿ ಆವಿ ಹಿಡಿಯಬಲ್ಲದು. ಹಾಗಾಗಿ ಬೋಲ್ಟಿನ ಮೈಮೇಲಿನ ತೇವಾಂಶ ಶೇ. 33ರ ಹತ್ತಿರಕ್ಕೆ ಇಳಿಯುತ್ತದೆ. ಮೆಗ್ನೀಸಿಯಂ ರಸ ಒಣಗಿಹೋಗದೆ, ತೆಳುವೂ ಆಗದೆ, ಗರಿಷ್ಠ ಸಾಂದ್ರತೆಯಲ್ಲಿ ನಿಲ್ಲುವ ಜಾಗ ಸರಿಯಾಗಿ ಅದೇ. ಬೆಳಗ್ಗೆ ಇಬ್ಬನಿಗೆ ತೆಳುವಾಗುತ್ತದೆ, ಮಧ್ಯಾಹ್ನ ದಪ್ಪವಾಗುತ್ತದೆ. ಪ್ರತಿದಿನ.

ಸುಣ್ಣದಕಲ್ಲು ತನ್ನ ಪಾಲಿನ ಕ್ಯಾಲ್ಸಿಯಂ ಸೇರಿಸುತ್ತದೆ. ಮೇಲಿನ ಕಾಡಿನಿಂದ ಬಂಡೆಯೊಳಗೆ ಇಳಿದ ನೀರು ಕಲ್ಲನ್ನು ಕರಗಿಸಿಕೊಂಡು ಬೋಲ್ಟಿನ ತೂತಿನೊಳಗೇ ಒಸರಬಹುದು. ಆಗ ಹೊರಗಿನ ಹ್ಯಾಂಗರ್ ಚೆನ್ನಾಗಿದ್ದು ಒಳಗಿನ ಸರಳು ಸೀಳಿರುತ್ತದೆ. ಹೊರಗಿನಿಂದ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ.

ಮಳೆಯ ವಿಷಯವೂ ಉಲ್ಟಾ. ಮಳೆ ಬಿದ್ದರೆ ತುಕ್ಕು ಜಾಸ್ತಿ ಅಂತ ನಮ್ಮ ಅಂದಾಜು. ಇಲ್ಲಿ ಮಳೆ ಉಪ್ಪನ್ನು ತೊಳೆಯುತ್ತದೆ. ತೆರೆದ ಗೋಡೆಯ ಬೋಲ್ಟು ವರ್ಷಕ್ಕೊಮ್ಮೆಯಾದರೂ ಸ್ನಾನ ಮಾಡುತ್ತದೆ. ಮೇಲೆ ಚಾಚಿಕೊಂಡ ಬಂಡೆಯ ಅಡಿಯಲ್ಲಿರುವುದಕ್ಕೆ ಆ ಭಾಗ್ಯವಿಲ್ಲ, ಅದರ ಮೇಲೆ ಉಪ್ಪು ವರ್ಷಾನುಗಟ್ಟಲೆ ಕೂತಿರುತ್ತದೆ. ಹತ್ತುವವರಿಗೆ ಇಷ್ಟವಾಗುವುದೂ ಅಂಥ ಚಾಚು ಬಂಡೆಗಳೇ. ಮಳೆಯಲ್ಲೂ ಒಣಗಿರುತ್ತೆ, ನೆರಳಿರುತ್ತೆ, ಕಷ್ಟದ ದಾರಿಗಳೆಲ್ಲ ಅಲ್ಲೇ.

ಈಜುಕೊಳದ ಚಾವಣಿ

ಸಾಮಾನ್ಯ ಉಷ್ಣತೆಯಲ್ಲೂ ಹೀಗಾಗಬಹುದು ಅಂತ ಪ್ರಪಂಚ ಕಲಿತಿದ್ದು ಬಂಡೆಯಿಂದಲ್ಲ. 1985ರ ಮೇ 9ರಂದು ಸ್ವಿಟ್ಜರ್ಲೆಂಡಿನ ಊಸ್ಟರ್ ಪಟ್ಟಣದ ಒಳಾಂಗಣ ಈಜುಕೊಳದ ಕಾಂಕ್ರೀಟ್ ಒಳಚಾವಣಿ ಕುಸಿದುಬಿತ್ತು. 12 ಜನ ಸತ್ತರು. ಕಟ್ಟಡಕ್ಕೆ ಆಗ ಹದಿಮೂರು ವರ್ಷ. ಚಾವಣಿಯನ್ನು ತೂಗುಹಾಕಿದ್ದು ಸ್ಟೇನ್‌ಲೆಸ್ ಸ್ಟೀಲ್ ಸರಳುಗಳಿಂದ. ಕೊಳದ ನೀರಿಗೆ ಹಾಕುವ ಕ್ಲೋರಿನ್ ಬೇರೆ ಬೇರೆ ರೂಪದಲ್ಲಿ ಆವಿಯಾಗಿ ಮೇಲೇರಿ, ಚಾವಣಿಯ ಮೇಲಿನ ಗೂಡಿನಲ್ಲಿ ಸರಳುಗಳ ಮೇಲೆ ಕೂತಿತ್ತು. ಅಲ್ಲಿ ಯಾರೂ ಒರೆಸುವುದಿಲ್ಲ, ನೀರು ಬೀಳುವುದಿಲ್ಲ. ಸದಾ ಬೆಚ್ಚಗೆ, ಸದಾ ತೇವ. ಸರಳುಗಳ ಮೇಲೆ ಸದಾ ಭಾರ.

ಚಾಚು ಬಂಡೆಯ ಅಡಿಯ ಬೋಲ್ಟಿಗೂ ಆ ಸರಳಿಗೂ ಏನೂ ವ್ಯತ್ಯಾಸವಿಲ್ಲ ನೋಡಿ.

ಈ ಅನಾಹುತದ ನಂತರ ಯುರೋಪಿನ ಎಂಜಿನಿಯರ್‌ಗಳು ಈಜುಕೊಳದ ಚಾವಣಿಗೆ ಯಾವ ಉಕ್ಕು ತಾಳುತ್ತದೆ ಅಂತ ಹುಡುಕಿದರು. 1.4529, 1.4565 ಅನ್ನುವ ಸಂಖ್ಯೆಯ ಉಕ್ಕುಗಳು ಹೀಗೆ ಮುಂದೆ ಬಂದವು. ಕ್ರೋಮಿಯಂ, ನಿಕ್ಕಲ್, ಮಾಲಿಬ್ಡಿನಂ ಮೂರೂ ದಂಡಿಯಾಗಿ ಇರುವಂಥವು. 1.4529ರಲ್ಲಿ ನಿಕ್ಕಲ್ಲೇ ಸುಮಾರು ಶೇ. 25. ಆಗಲೇ ಹೇಳಿದ ಗುಂಡಿಯಿಂದ ಸಾಕಷ್ಟು ದೂರ. ಬಂಡೆ ಹತ್ತುವವರ ನಡುವೆ ಇವಕ್ಕೆ ಎಚ್‌ಸಿಆರ್ ಅಂತ ಹೆಸರು, ಅಂದರೆ ತುಕ್ಕನ್ನು ಜಾಸ್ತಿ ತಡೆಯುವ ಉಕ್ಕು.

ಎರಡು ಬೋಲ್ಟ್ ಇದ್ದರೆ ಸಾಕಾ?

ಹತ್ತುವ ದಾರಿಯ ತುದಿಯಲ್ಲಿ ಸಾಮಾನ್ಯವಾಗಿ ಎರಡು ಬೋಲ್ಟ್ ಇರುತ್ತವೆ. ಒಂದು ಹೋದರೆ ಇನ್ನೊಂದು ಹಿಡಿಯುತ್ತೆ ಅನ್ನುವ ಲೆಕ್ಕ. ಬೋಲ್ಟ್ ಹಾಳಾಗುವುದು ಆಕಸ್ಮಿಕವಾಗಿದ್ದರೆ ಆ ಲೆಕ್ಕ ಸರಿ: ಸಾವಿರದಲ್ಲಿ ಒಂದು ಕೆಟ್ಟದ್ದು ಬಂದರೆ, ಎರಡೂ ಕೆಟ್ಟವೇ ಬರುವುದು ಹತ್ತು ಲಕ್ಷದಲ್ಲಿ ಒಂದು. ಕಡಲ ಬಂಡೆಯಲ್ಲಿ ಈ ಗುಣಾಕಾರ ನಡೆಯುವುದಿಲ್ಲ. ಎರಡೂ ಒಂದೇ ಡಬ್ಬಿಯಿಂದ ತೆಗೆದವು, ಒಂದೇ ದಿನ ಹಾಕಿದವು, ಒಂದೇ ಗಾಳಿ ಕುಡಿದವು. ಒಂದು ಸೀಳಿದೆ ಅಂದರೆ ಪಕ್ಕದ್ದೂ ಹಾಗೇ ಇರುವ ಸಾಧ್ಯತೆ ತುಂಬಾ ಜಾಸ್ತಿ. ಕೆಳಗಿನ ಬೋಲ್ಟುಗಳೂ ಅವುಗಳದ್ದೇ ವಯಸ್ಸಿನವು. ಈ ಇಡೀ ವಿಷಯದಲ್ಲಿ ನನಗೆ ಜಾಸ್ತಿ ಕಳವಳ ತರುವುದು ಇದೇ. ಯಾಕಂದರೆ ಹತ್ತುವವರ ಸುರಕ್ಷತೆಯ ಪಾಠವೆಲ್ಲ ‘ಒಂದಕ್ಕೆ ಎರಡು’ ಅನ್ನುವುದರ ಮೇಲೆ ನಿಂತಿದೆ.

ಎಳೆದು ಪರೀಕ್ಷೆ ಮಾಡಿದರೆ? ಜ್ಯಾಕ್ ಹಾಕಿ ಎಳೆಯುವ ಯಂತ್ರಗಳಿವೆ. ಅರ್ಧ ಸೀಳಿದ ಬೋಲ್ಟು ಇವತ್ತು ಪರೀಕ್ಷೆ ಪಾಸಾಗಬಹುದು. ಬಿರುಕು ನಾಳೆಯೂ ಮುಂದೆ ಹೋಗುತ್ತಿರುತ್ತದೆ. ಮುರಿಯದೆ ಪರೀಕ್ಷಿಸಿದ ಬೋಲ್ಟು ಇವತ್ತು ಮುರಿಯಲಿಲ್ಲ ಅಂತ ಹೇಳುತ್ತದೆ, ಅಷ್ಟೇ. ಬಣ್ಣ ಹಚ್ಚಿ ಬಿರುಕು ತೋರಿಸುವ ವಿಧಾನ ಪ್ರಯೋಗಾಲಯದಲ್ಲಿ ಚೆನ್ನಾಗಿ ನಡೆಯುತ್ತದೆ, ಬಂಡೆಯೊಳಗೆ ಹೂತಿರುವ ಸರಳಿಗೆ ಆಗುವುದಿಲ್ಲ. ಬಾಗಿನಲ್ಲಿ ಕಂದು ಗೆರೆ, ನಟ್ ಸುತ್ತ ಇಳಿದ ತುಕ್ಕಿನ ಕಣ್ಣೀರು ಕಂಡರೆ ಆ ದಾರಿ ಬಿಡಬೇಕು ಅನ್ನುವುದು ಖಂಡಿತ. ಏನೂ ಕಾಣದಿದ್ದರೆ ಒಳ್ಳೆಯದು ಅಂತ ಮಾತ್ರ ಹೇಳಲಾಗದು.

ಟೈಟೇನಿಯಂ

ಹಾಗಾದರೆ ಪರಿಹಾರ? ಮೂರರಲ್ಲಿ ಒಂದನ್ನು ತೆಗೆಯಬೇಕು ಅಂತ ಹೇಳಿದೆನಲ್ಲ. ಕಡಲನ್ನು ತೆಗೆಯಲಾಗದು. ಎಳೆತವನ್ನು ಸ್ವಲ್ಪ ಕಮ್ಮಿ ಮಾಡಬಹುದು, ಪೂರ್ತಿ ಆಗದು. ಉಳಿದಿದ್ದು ಲೋಹ.

ರೈಲೇಯಲ್ಲೂ ಕೇಮನ್ ಬ್ರ್ಯಾಕ್‌ನಲ್ಲೂ ಕೊನೆಗೆ ಟೈಟೇನಿಯಂಗೆ ಹೋದರು. ಅದರ ಮೇಲೆ ಕಟ್ಟುವ ಆಕ್ಸೈಡ್ ಪೊರೆಯನ್ನು ಕಡಲತೀರದ ಉಷ್ಣತೆಯಲ್ಲಿ ಕ್ಲೋರೈಡ್ ಚುಚ್ಚಲಾರದು. ಕಡಲ ನೀರಿನಿಂದ ತಂಪು ಮಾಡುವ ವಿದ್ಯುತ್ ಸ್ಥಾವರಗಳಲ್ಲಿ ಕಂಡೆನ್ಸರ್ ಕೊಳವೆಗೆ ಟೈಟೇನಿಯಂ ಬಳಸುವುದೂ ಇದಕ್ಕೇ. ಬೋಲ್ಟಿಗೆ ಸಾಮಾನ್ಯವಾಗಿ ಬಳಸುವುದು ಗ್ರೇಡ್ 2, ಅಂದರೆ ಮಿಶ್ರಣವಿಲ್ಲದ ಟೈಟೇನಿಯಂ. ವಿಮಾನದ ಭಾಗಗಳಿಗೆ ಹಾಕುವ ಮಿಶ್ರಲೋಹಕ್ಕಿಂತ ಮೆತ್ತಗೆ, ಬಗ್ಗಿಸಲು ಸುಲಭ.

ತೊಂದರೆಗಳೂ ಇವೆ. ಬೆಲೆ ಸ್ಟೇನ್‌ಲೆಸ್ ಸ್ಟೀಲಿನ ಹಲವು ಪಟ್ಟು. ಬೆಸುಗೆ ಹಾಕುವಾಗ ಗಾಳಿ ತಾಗಿದರೆ ಪೆಡಸಾಗುತ್ತದೆ, ಆರ್ಗಾನ್ ಅನಿಲದ ಹೊದಿಕೆಯಲ್ಲೇ ಹಾಕಬೇಕು. ಟೈಟೇನಿಯಂ ಬೋಲ್ಟಿನ ತಿರುಪಿನ ಮೇಲೆ ಟೈಟೇನಿಯಂ ನಟ್ ತಿರುಗಿಸಿದರೆ ಒಂದನ್ನೊಂದು ಕಚ್ಚಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಹೆಚ್ಚಾಗಿ ಅಂಟು ಹಾಕಿ ಕೂರಿಸುವ ಸರಳನ್ನೇ ಬಳಸುತ್ತಾರೆ. ಆಗ ಜೀವ ಅಂಟಿನ ಮೇಲೆ ನಿಲ್ಲುತ್ತದೆ. ತೂತಿನೊಳಗಿನ ಕಲ್ಲಿನ ಪುಡಿಯನ್ನು ಬ್ರಷ್ ಹಾಕಿ, ಗಾಳಿ ಊದಿ, ಮತ್ತೆ ಬ್ರಷ್ ಹಾಕಿ ಪೂರ್ತಿ ತೆಗೆಯಬೇಕು. ಪುಡಿ ಉಳಿದರೆ ಅಂಟು ಕಲ್ಲಿಗಲ್ಲ, ಪುಡಿಗೆ ಅಂಟುತ್ತದೆ. ಒದ್ದೆ ತೂತಿಗೆ ಒಗ್ಗುವ ಅಂಟೇ ಬೇಕು. ಗಟ್ಟಿಯಾಗುವ ತನಕ ಯಾರೂ ಮುಟ್ಟಬಾರದು. ಒಂದು ದಾರಿಗೆ ಹತ್ತಾರು ಬೋಲ್ಟ್, ಒಂದು ಬಂಡೆಗೆ ಹತ್ತಾರು ದಾರಿ. ಇದನ್ನೆಲ್ಲ ಥಾಯ್ಲೆಂಡಿನಲ್ಲಿ ಮಾಡುತ್ತಿರುವುದು ದೇಣಿಗೆ ಎತ್ತಿ, ಹಗ್ಗಕ್ಕೆ ನೇತಾಡಿಕೊಂಡು ದುಡಿಯುವ ಸ್ವಯಂಸೇವಕರು.

ಲೋಹಗಳನ್ನು ಬೆರೆಸುವುದು ಇನ್ನೊಂದು ತಪ್ಪು. ಸ್ಟೇನ್‌ಲೆಸ್ ಬೋಲ್ಟಿಗೆ ಸತು ಲೇಪಿಸಿದ ಅಗ್ಗದ ಹ್ಯಾಂಗರ್ ಹಾಕಿದರೆ, ಉಪ್ಪುನೀರು ನಡುವೆ ಸೇರಿ ಎರಡೂ ಬ್ಯಾಟರಿಯ ಹಾಗೆ ಕೆಲಸ ಮಾಡುತ್ತವೆ. ಸತು ಬೇಗ ಕರಗಿಹೋಗುತ್ತದೆ, ಹಿಂದೆಯೇ ಅದರಡಿಯ ಕಬ್ಬಿಣ. ಬೋಲ್ಟಿನಲ್ಲೇ ಬಿಟ್ಟುಹೋದ ಅಲ್ಯೂಮಿನಿಯಂ ಕೊಂಡಿಗಳ ಗತಿಯೂ ಅದೇ, ಬಿಳಿ ಪುಡಿ ಎದ್ದು ಬಾಯಿ ತೆರೆಯದ ಹಾಗೆ ಆಗುತ್ತವೆ.

ಬಂಡೆ ಹತ್ತುವವರ ಅಂತರರಾಷ್ಟ್ರೀಯ ಒಕ್ಕೂಟ ಯುಐಎಎ ಬೋಲ್ಟುಗಳ ತನ್ನ 123ನೇ ಮಾನದಂಡವನ್ನು ಪರಿಷ್ಕರಿಸಿದೆ. ಮೊದಲು ಎಷ್ಟು ಎಳೆತ ತಾಳುತ್ತದೆ ಅನ್ನುವುದೊಂದೇ ಮುಖ್ಯವಾಗಿತ್ತು. ಈಗ ಯಾವ ವಾತಾವರಣಕ್ಕೆ ಯಾವ ಲೋಹ ಅಂತ ದರ್ಜೆಗಳನ್ನೂ ಮಾಡಿದ್ದಾರೆ. ಎಳೆತದ ಬಿರುಕಿನ ಅಪಾಯವಿರುವ ಕಡೆಗೆ ಟೈಟೇನಿಯಂ ಮತ್ತು ಎಚ್‌ಸಿಆರ್ ಮೇಲಿನ ದರ್ಜೆಯಲ್ಲಿವೆ. 304, 316 ಆ ಪಟ್ಟಿಯಲ್ಲಿ ಇಲ್ಲ.

ನಮ್ಮ ಕಡೆ

ಕರ್ನಾಟಕದ ಹತ್ತುವ ಜಾಗಗಳು ಬಹುತೇಕ ಒಳನಾಡಿನವು. ರಾಮನಗರದ ಗ್ರಾನೈಟ್ ಜಾತಿಯ ಬಂಡೆ, ಬಾದಾಮಿಯ ಮರಳುಗಲ್ಲು. ಕಡಲ ಉಪ್ಪು ಅಲ್ಲಿಗೆ ಬರುವುದಿಲ್ಲ. ಅಲ್ಲಿ ಸರಿಯಾಗಿ ಹಾಕಿದ 304 ಆಗಲಿ 316 ಆಗಲಿ ದೀರ್ಘಕಾಲ ಬಾಳುತ್ತದೆ, ಟೈಟೇನಿಯಂಗೆ ದುಡ್ಡು ಸುರಿಯಬೇಕಿಲ್ಲ. ಅಲ್ಲಿನ ಚಿಂತೆ ಬೇರೆ: ಬಾದಾಮಿಯಲ್ಲಿ ಕಲ್ಲೇ ಮೆತ್ತಗಿರುವ ಕಡೆ ಬೋಲ್ಟ್ ಉದ್ದ ಬೇಕು. ಕರಾವಳಿಯಲ್ಲಿ ಯಾರಾದರೂ ಹೊಸದಾಗಿ ದಾರಿ ಮಾಡಲು ಹೊರಟರೆ ಮಾತ್ರ ಒಳನಾಡಿನ ಅನುಭವ ನಂಬಿಕೊಂಡು ಅದೇ ಬೋಲ್ಟಿನ ಡಬ್ಬಿ ಹೊತ್ತುಕೊಂಡು ಹೋಗಬಾರದು.

ರಜೆಗೆ ಕ್ರಾಬಿಗೆ ಹೋಗಿ ಹತ್ತುವವರಿಗೆ ಒಂದಿಷ್ಟು. ಅಲ್ಲಿನ ಕ್ಲೈಂಬಿಂಗ್ ಅಂಗಡಿಗಳಲ್ಲಿ ಯಾವ ದಾರಿಗೆ ಟೈಟೇನಿಯಂ ಹಾಕಿದೆ ಅಂತ ಕೇಳಿ. ಅವರಿಗೆ ಗೊತ್ತಿರುತ್ತೆ, ಕೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ. ಟೈಟೇನಿಯಂ ಹೊಳೆಯುವುದಿಲ್ಲ. ಮಂಕು ಬೂದು ಬಣ್ಣ, ಬೆರಳುದಪ್ಪದ ಸರಳು ಬಗ್ಗಿಸಿ ಕೂರಿಸಿದ ಹಾಗೆ, ಬುಡದಲ್ಲಿ ಸ್ವಲ್ಪ ಅಂಟು ಕಾಣುತ್ತದೆ. ಪಕ್ಕದಲ್ಲೇ ಫಳಫಳ ಹೊಳೆಯುವ ಹಳೆಯ ಹ್ಯಾಂಗರ್ ಉಳಿದಿರಬಹುದು, ಅದಕ್ಕೆ ಕೊಂಡಿ ಸಿಕ್ಕಿಸಬೇಡಿ. ಬಂಡೆಯ ಸಹಜ ತೂತುಗಳಲ್ಲಿ ಹಗ್ಗದ ತುಂಡು ಹಾಯಿಸಿ ಗಂಟು ಹಾಕಿರುವುದೂ ಅಲ್ಲಿ ಸಾಮಾನ್ಯ. ಲೋಹಕ್ಕಿಂತ ಹಗ್ಗವೇ ವಾಸಿ ಅಂತ ಅನ್ನಿಸಿದ ಕಾಲದಿಂದ ಬಂದ ಪದ್ಧತಿ. ಅದನ್ನು ತಿನ್ನುವುದು ಉಪ್ಪಲ್ಲ, ಬಿಸಿಲು. ಬಣ್ಣ ಬಿಳಿಚಿ, ಮುಟ್ಟಿದರೆ ಬಿರುಸಾಗಿದ್ದರೆ ಅದರ ಆಯಸ್ಸು ಮುಗಿದಿದೆ, ಹೊಸ ಹಗ್ಗ ಕಟ್ಟಬೇಕು.